ಸದ್ದಿಲ್ಲದೆ ಟೊಳ್ಳಾಗುವ ಮೂಳೆ



ವಯಸ್ಸಾದ ಮೇಲೆ ಬೆನ್ನು ಬಾಗುವುದು, ಎತ್ತರ ಕುಗ್ಗುವುದು ಸಹಜವೆಂದು ನಮ್ಮಲ್ಲಿ ಬಹುಮಂದಿ ನಂಬಿದ್ದಾರೆ. ಅಜ್ಜಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಪಾಚಿಯನ್ನು ದೂರುತ್ತೇವೆ. ಆದರೆ ಆ ಮೂಳೆ ಬಿದ್ದ ದಿನವೇ ದುರ್ಬಲವಾದದ್ದಲ್ಲ. ಮುಟ್ಟು ನಿಂತ ಕಾಲದಿಂದಲೂ ಅದು ಒಳಗೊಳಗೇ ಟೊಳ್ಳಾಗುತ್ತ ಬಂದಿರುತ್ತದೆ. ಇದಕ್ಕೆ ಆಸ್ಟಿಯೋಪೊರೋಸಿಸ್ ಎಂದು ಹೆಸರು.

ಮೂಳೆ ಜಡವಸ್ತುವಲ್ಲ. ಹಳೆಯ ಭಾಗವನ್ನು ಕರಗಿಸುವ ಜೀವಕೋಶಗಳು ಮತ್ತು ಹೊಸದನ್ನು ಕಟ್ಟುವ ಜೀವಕೋಶಗಳು ಅದರಲ್ಲಿ ಸದಾ ಕೆಲಸ ಮಾಡುತ್ತಿರುತ್ತವೆ. ಸುಮಾರು 30ನೇ ವಯಸ್ಸಿಗೆ ಮೂಳೆ ಗರಿಷ್ಠ ಬಲ ಪಡೆಯುತ್ತದೆ. ಅಂಡಾಶಯದಲ್ಲಿ ಉತ್ಪತ್ತಿಯಾಗುವ ಈಸ್ಟ್ರೋಜನ್ ಹಾರ್ಮೋನು ಕರಗಿಸುವ ಕೋಶಗಳಿಗೆ ಕಡಿವಾಣದಂತಿರುತ್ತದೆ. ಮುಟ್ಟು ನಿಂತಾಗ ಈ ಕಡಿವಾಣ ಸಡಿಲವಾಗುತ್ತದೆ. ಆನಂತರದ 5ರಿಂದ 7 ವರ್ಷಗಳಲ್ಲಿ ಕೆಲವರು ಮೂಳೆಯ ಸಾಂದ್ರತೆಯಲ್ಲಿ ಶೇಕಡಾ 20ರಷ್ಟನ್ನು ಕಳೆದುಕೊಳ್ಳಬಹುದು. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 51ಕ್ಕೆ ನಿಲ್ಲುವ ಮುಟ್ಟು ಭಾರತೀಯ ಸ್ತ್ರೀಯರಲ್ಲಿ ಸರಾಸರಿ 46–47ಕ್ಕೇ ನಿಲ್ಲುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಈ ನಷ್ಟ ಇನ್ನೂ ಬೇಗ ಆರಂಭವಾಗುತ್ತದೆ.

ಈ ಸವೆತಕ್ಕೆ ನೋವಿಲ್ಲವೆಂಬುದೇ ಅದರ ಅಪಾಯ. ಮಂಡಿನೋವು ಕೀಲಿನ ಸವೆತದ್ದು, ಅದು ಬೇರೆ ಕಾಯಿಲೆ. ಇಲ್ಲಿ ಅನೇಕರಿಗೆ ಸಿಗುವ ಮೊದಲ ಸೂಚನೆಯೇ ಮಣಿಕಟ್ಟು, ಬೆನ್ನುಮೂಳೆ ಅಥವಾ ಸೊಂಟದ ಮುರಿತ. ಆದ್ದರಿಂದ ಗೋಡೆಗೆ ಒರಗಿ ನಿಂತು ನಿಮ್ಮ ಎತ್ತರವನ್ನು ಗುರುತು ಮಾಡಿಟ್ಟುಕೊಳ್ಳಿ. ಯೌವನದಲ್ಲಿದ್ದುದಕ್ಕಿಂತ ಒಂದೂವರೆ ಅಂಗುಲ ತಗ್ಗಿದ್ದರೆ ವೈದ್ಯರಲ್ಲಿಗೆ ಹೋಗಿ.

ಸಂತೋಷದ ಸಂಗತಿಯೆಂದರೆ, ರಕ್ಷಣೆಯ ಬಹುಪಾಲು ನಮ್ಮ ಅಡುಗೆಮನೆಯಲ್ಲೂ ಅಂಗಳದಲ್ಲೂ ಇದೆ. ಮುಟ್ಟು ನಿಂತವರಿಗೆ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಹಿಟ್ಟಿನಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಇದೆ. ಅಷ್ಟೇ ಅಕ್ಕಿಯಲ್ಲಿ ಸುಮಾರು 10 ಮಾತ್ರ. ಒಂದು ಲೋಟ ಹಾಲಿನಿಂದ ಸುಮಾರು 240 ದೊರೆಯುತ್ತದೆ. ಮೊಸರು, ಎಳ್ಳು, ನುಗ್ಗೆಸೊಪ್ಪು, ಮುಳ್ಳಿನೊಂದಿಗೆ ತಿನ್ನುವ ಸಣ್ಣ ಮೀನು ಇವೆಲ್ಲ ಒಳ್ಳೆಯವೇ. ರಾಗಿಯನ್ನು ಮೊಳಕೆ ಕಟ್ಟಿ ಬಳಸಿದರೆ ಅದರ ಕ್ಯಾಲ್ಸಿಯಂ ದೇಹಕ್ಕೆ ಹೆಚ್ಚಾಗಿ ಹತ್ತುತ್ತದೆ. ಬೇಳೆ, ಕಾಳು, ಮೊಟ್ಟೆಗಳ ಪ್ರೋಟೀನೂ ಮೂಳೆಗೆ ಬೇಕು.

ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರಲು ವಿಟಮಿನ್ ಡಿ ಇರಲೇಬೇಕು. ಬಿಸಿಲಿನ ನಾಡಾದರೂ ನಮ್ಮಲ್ಲಿ ಅದರ ಕೊರತೆ ವ್ಯಾಪಕವಾಗಿದೆ. ಗಾಜಿನ ಕಿಟಕಿಯ ಹಿಂದೆ ಕುಳಿತರೆ ಪ್ರಯೋಜನವಿಲ್ಲ. ಮುಂಜಾನೆಯ ಎಳೆಬಿಸಿಲಿಗಿಂತ 11ರಿಂದ 2 ಗಂಟೆಯ ನಡುವಿನ ಬಿಸಿಲೇ ಪರಿಣಾಮಕಾರಿ. ತೋಳು, ಮುಖಕ್ಕೆ ಸ್ವಲ್ಪ ಹೊತ್ತು ತಾಗಿದರೆ ಸಾಕು. ಕೊರತೆ ಹೆಚ್ಚಿದ್ದರೆ ವೈದ್ಯರು ಮಾತ್ರೆ ಕೊಡುತ್ತಾರೆ.

ಭಾರ ಹೊತ್ತಾಗಲೇ ಮೂಳೆ ಬಲಗೊಳ್ಳುವುದು. ಬಿರುಸಿನ ನಡಿಗೆ ಮತ್ತು ಮೆಟ್ಟಿಲು ಹತ್ತುವುದರ ಜೊತೆಗೆ ಕೈಗೆ ಹಗುರವಾದ ತೂಕ ಎತ್ತುವ ವ್ಯಾಯಾಮವನ್ನೂ ರೂಢಿಸಿಕೊಳ್ಳಿ. ಈಗಾಗಲೇ ಮೂಳೆ ಮುರಿದವರು ಮುಂದಕ್ಕೆ ಬಾಗುವ ಆಸನಗಳನ್ನು ವೈದ್ಯರನ್ನು ಕೇಳದೆ ಮಾಡಬಾರದು. ಧೂಮಪಾನ, ಮದ್ಯಪಾನ ಮೂಳೆಗೆ ಹಾನಿಕರ.

65 ದಾಟಿದವರು ಡೆಕ್ಸಾ ಎಂಬ ಮೂಳೆಸಾಂದ್ರತೆಯ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಬೇಗ ಮುಟ್ಟು ನಿಂತವರು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸಿದವರು, ತಾಯಿ ಸೊಂಟ ಮುರಿದುಕೊಂಡಿದ್ದವರು ಇನ್ನೂ ಮೊದಲೇ ವೈದ್ಯರನ್ನು ಕೇಳಬೇಕು. ಅಗತ್ಯವಿದ್ದವರಿಗೆ ಅಲೆಂಡ್ರೊನೇಟ್‌ನಂಥ ಮಾತ್ರೆಗಳಿವೆ. ಅದನ್ನು ಬರಿಹೊಟ್ಟೆಯಲ್ಲಿ ಒಂದು ಲೋಟ ನೀರಿನೊಡನೆ ನುಂಗಿ, ಅರ್ಧಗಂಟೆ ಮಲಗದೆ, ಬೇರೇನೂ ತಿನ್ನದೆ ಇರಬೇಕು. ಹಾರ್ಮೋನು ಚಿಕಿತ್ಸೆ ಸೊಂಟದ ಮುರಿತವನ್ನು ತಗ್ಗಿಸುತ್ತದೆ. ಆದರೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಕೊಟ್ಟಾಗ ಸ್ತನಕ್ಯಾನ್ಸರ್ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದು 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರಿಂದ ತಿಳಿಯಿತು. ಆದ್ದರಿಂದ ಅದು ಎಲ್ಲರಿಗೂ ಅಲ್ಲ, ತಜ್ಞರ ಸಲಹೆಯಿಂದ ಮಾತ್ರ.

ವಯಸ್ಸಾದವರಿರುವ ಮನೆಯಲ್ಲಿ ಬಚ್ಚಲಿಗೆ ಹಿಡಿಕೆ, ರಾತ್ರಿಗೆ ದೀಪ, ಜಾರದ ನೆಲ ಇರಲಿ.

ಕೊನೆಯದಾಗಿ ಮನೆಮಂದಿಗೊಂದು ಮಾತು. ಎಲ್ಲರಿಗೂ ಬಡಿಸಿ, ಮಕ್ಕಳಿಗೂ ಗಂಡನಿಗೂ ಹಾಲು ಕೊಟ್ಟು, ತಾನು ತಿಳಿಮಜ್ಜಿಗೆಯಲ್ಲಿ ಊಟ ಮುಗಿಸುವ ಗೃಹಿಣಿ ನಮ್ಮ ಎಷ್ಟೋ ಮನೆಗಳಲ್ಲಿದ್ದಾಳೆ. ಆಕೆಗೆ ಐವತ್ತರ ಹತ್ತಿರವಾಗಿದ್ದರೆ, ಇಂದಿನಿಂದಲೇ ಒಂದು ಲೋಟ ಹಾಲನ್ನು ಆಕೆಯ ಪಾಲಿಗೆ ತೆಗೆದಿಡಿ.