ಗಾಡಿಯೊಳಗಿನ ಘರ್ಷಣೆ: ಎಲ್ಲಿ ಬೇಕು, ಎಲ್ಲಿ ಬೇಡ?

ಮಕ್ಕಳೇ, ನಿಮ್ಮ ಎರಡೂ ಅಂಗೈಗಳನ್ನು ಒತ್ತಿ ಹಿಡಿದು ಜೋರಾಗಿ ಉಜ್ಜಿ ನೋಡಿ. ಬಿಸಿಯಾಯಿತು, ಅಲ್ಲವೇ? ಈಗ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮತ್ತೆ ಉಜ್ಜಿ. ಕೈ ಸರಾಗವಾಗಿ ಜಾರುತ್ತದೆ, ಬಿಸಿಯೂ ಅಷ್ಟಾಗಿ ಏರುವುದಿಲ್ಲ. ಒಂದು ವಸ್ತು ಇನ್ನೊಂದರ ಮೇಲೆ ಜಾರಲು ಹೊರಟಾಗ ಅದನ್ನು ತಡೆಯುವ ಬಲವೇ ಘರ್ಷಣೆ. ಎಷ್ಟೇ ನುಣುಪಾಗಿ ಕಂಡರೂ ಪ್ರತಿ ಲೋಹದ ಮೈಮೇಲೂ ಕಣ್ಣಿಗೆ ಕಾಣದ ಏರುತಗ್ಗುಗಳಿರುತ್ತವೆ. ಎರಡು ಲೋಹಗಳು ಉಜ್ಜಿದಾಗ ಆ ಏರುಗಳು ಒಂದಕ್ಕೊಂದು ಸಿಕ್ಕಿ, ಅಂಟಿ, ಮುರಿಯುತ್ತವೆ. ಅದರಿಂದ ಶಾಖ ಹುಟ್ಟುತ್ತದೆ, ಲೋಹ ಸವೆಯುತ್ತದೆ.

ನನ್ನ ಬಳಿ ಇರುವುದು 346 ಸಿ.ಸಿ.ಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಊರಿನವರೆಲ್ಲ ಅದನ್ನು ಬುಲೆಟ್ ಎಂದೇ ಕರೆಯುತ್ತಾರೆ. ಅಸಲಿ ಬುಲೆಟ್ ಗಾಡಿಗಳನ್ನು ಮದರಾಸಿನಲ್ಲಿ ಜೋಡಿಸಲು ಶುರುಮಾಡಿದ್ದು 1955ರಲ್ಲಿ. ನನ್ನ ಗಾಡಿ ಅದೇ ವಂಶದ್ದು. ಘಟ್ಟ ಇಳಿದು ಕರಾವಳಿಗೆ ಹೋಗುವುದಿರಲಿ, ಮಲೆನಾಡು ಸುತ್ತುವುದಿರಲಿ, ಹೊರಡುವ ಮೊದಲು ಅಂಗಳದಲ್ಲಿ ಸ್ಪ್ಯಾನರು, ಹಳೇ ಬಟ್ಟೆ, ಎಣ್ಣೆ ಡಬ್ಬಿ ಹರಡಿಕೊಂಡು ಗಾಡಿಯನ್ನು ನಾನೇ ನೋಡಿಕೊಳ್ಳುತ್ತೇನೆ. ಆಗ ಮಾಡುವ ಬಹುಪಾಲು ಕೆಲಸ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಈ ಜಾಗದಲ್ಲಿ ಘರ್ಷಣೆ ಬೇಕೋ, ಬೇಡವೋ? ಬನ್ನಿ, ಒಂದೊಂದೇ ಜಾಗ ನೋಡೋಣ.

ಎಂಜಿನ್ನಿನೊಳಗೆ: ಎಣ್ಣೆಯ ತೆಳು ಪದರ

ಈ ಎಂಜಿನ್ನಿನ ಸಿಲಿಂಡರು 70 ಮಿಲಿಮೀಟರ್ ಅಗಲ. ಅದರೊಳಗೆ ಪಿಸ್ಟನ್ 90 ಮಿ.ಮೀ. ಮೇಲೆ, 90 ಮಿ.ಮೀ. ಕೆಳಗೆ ಓಡಾಡುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 50 ಸುತ್ತು. ಒಂದು ಸುತ್ತಿಗೆ ಪಿಸ್ಟನ್ ಹೋಗಿ ಬರುವ ದಾರಿ 18 ಸೆಂ.ಮೀ. 50ನ್ನು 18ರಿಂದ ಗುಣಿಸಿದರೆ 900 ಸೆಂ.ಮೀ., ಅಂದರೆ ಸೆಕೆಂಡಿಗೆ 9 ಮೀಟರ್! ಗಂಟೆಗಟ್ಟಲೆ ಇಷ್ಟು ವೇಗದಲ್ಲಿ ಲೋಹಕ್ಕೆ ಲೋಹ ನೇರವಾಗಿ ಉಜ್ಜಿದರೆ ಏನಾಗಬಹುದು? ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಕಾದು, ಉಬ್ಬಿ, ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್ಕುಗಳು ಇದಕ್ಕೆ 'ಎಂಜಿನ್ ಸೀಜ್ ಆಯಿತು' ಎನ್ನುತ್ತಾರೆ.

ಹಾಗಾಗದಂತೆ ಕಾಯುವುದು ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಪದರ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ಅಷ್ಟು ತೆಳ್ಳಗಿನ ಪದರ ಅಷ್ಟೊಂದು ಭಾರ ಹೊರುತ್ತದೆಯೇ? ಹೊರುತ್ತದೆ ಎಂದು ತಿಳಿದದ್ದು ಒಂದು ಸೊಗಸಾದ ಪ್ರಯೋಗದಿಂದ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೀಚಂ ಟವರ್ ಎಂಬ ಎಂಜಿನಿಯರು ರೈಲು ಚಕ್ರದ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದರು. ಅಚ್ಚು ತಿರುಗತೊಡಗಿದ್ದೇ ತಡ, ಒಳಗಿನ ಎಣ್ಣೆ ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಬೆಣೆ ಜಡಿದು ಮುಚ್ಚಿದರೆ ಎಣ್ಣೆ ಆ ಬೆಣೆಯನ್ನೂ ಹೊರಗೆ ತಳ್ಳಿತು! ಒತ್ತಡ ಅಳೆಯುವ ಮೀಟರು ಜೋಡಿಸಿದಾಗ ಮುಳ್ಳು ಚದರ ಇಂಚಿಗೆ 200 ಪೌಂಡು, ಅಂದರೆ 200 ಪಿಎಸ್‌ಐ ದಾಟಿತು. ಭಾರವನ್ನೆಲ್ಲ ಹೊತ್ತಿದ್ದು ಎಣ್ಣೆಯೇ ಎಂಬುದು ಆಗ ಗೊತ್ತಾಯಿತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ ಇದರ ಗುಟ್ಟನ್ನು ಗಣಿತದ ಮೂಲಕ ವಿವರಿಸಿದರು. ತಿರುಗುವ ಅಚ್ಚು ಎಣ್ಣೆಯನ್ನು ತನ್ನ ಜೊತೆ ಕಿರಿದಾದ ಸಂದಿಯೊಳಗೆ ಎಳೆದುಕೊಳ್ಳುತ್ತದೆ. ಸಂದಿ ಕಿರಿದಾದಂತೆ ಎಣ್ಣೆಯ ಒತ್ತಡ ಏರುತ್ತದೆ. ಆ ಒತ್ತಡ ಲೋಹ ಲೋಹವನ್ನು ಮುಟ್ಟದಂತೆ ದೂರ ಇಡುತ್ತದೆ.

ಈಗ ಯೋಚಿಸಿ. ಭಾಗಗಳು ಓಡುತ್ತಿದ್ದರೆ ಮಾತ್ರ ಈ ಪದರ ಸರಿಯಾಗಿ ಕಟ್ಟುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಣ್ಣೆ ಕೆಳಗಿಳಿದಿರುತ್ತದೆ. ಅದಕ್ಕೇ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ತಿರುಚಿ ಎಂಜಿನ್ ಅರಚಿಸಬಾರದು. ಎಣ್ಣೆ ಎಲ್ಲ ಕಡೆಗೂ ತಲುಪಲು ಸ್ವಲ್ಪ ಹೊತ್ತು ಕೊಡಬೇಕು. ನನ್ನ ಗಾಡಿಯ ಎಂಜಿನ್ನಿನ ಬಲಬದಿಯಲ್ಲಿ ಒಂದು ಪುಟ್ಟ ಗಾಜಿನ ಕಿಂಡಿ ಇದೆ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ ಬಗ್ಗಿ ನೋಡಿದರೆ ಎಣ್ಣೆಯ ಮಟ್ಟ ಕಾಣುತ್ತದೆ. ಹೊಸ ಎಣ್ಣೆ ಜೇನಿನ ಬಣ್ಣ, ಓಡಿದ ಎಣ್ಣೆ ಕಪ್ಪು. ಸುಟ್ಟ ಇಂಧನದ ಮಸಿಯೂ ಸವೆದ ಲೋಹದ ಪುಡಿಯೂ ಅದರಲ್ಲಿ ಸೇರಿರುತ್ತವೆ. ಆದ್ದರಿಂದಲೇ ಹೇಳಿದಷ್ಟು ಕಿಲೋಮೀಟರಿಗೆ ಎಣ್ಣೆ ಬದಲಿಸಲೇಬೇಕು.

ಇಲ್ಲೊಂದು ಸೋಜಿಗವಿದೆ. ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವ, ಈ ಗಾಡಿಯ ಕ್ಲಚ್ ಪ್ಲೇಟುಗಳೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಪಿಸ್ಟನ್ನು ಜಾರಬೇಕು, ಕ್ಲಚ್ಚು ಮಾತ್ರ ಹಿಡಿಯಬೇಕು, ಇಬ್ಬರಿಗೂ ಎಣ್ಣೆ ಒಂದೇ! ಕೆಲವು ಕಾರಿನ ಎಣ್ಣೆಗಳಲ್ಲಿ ಘರ್ಷಣೆಯನ್ನು ಇನ್ನಷ್ಟು ಇಳಿಸುವ ರಾಸಾಯನಿಕಗಳಿರುತ್ತವೆ. ಅದನ್ನು ಬೈಕಿಗೆ ಸುರಿದರೆ ಕ್ಲಚ್ ಜಾರುವ ಸಾಧ್ಯತೆ ಇರುತ್ತದೆ. ಬೈಕಿನ ಎಣ್ಣೆ ಡಬ್ಬಿಯ ಮೇಲೆ 'ಜಾಸೋ ಎಂಎ' ಎಂಬ ಗುರುತು ಇದ್ದರೆ ಅದು ಇಂಥ ಕ್ಲಚ್ಚಿಗೆ ಒಗ್ಗುತ್ತದೆ ಎಂದರ್ಥ.

ಚೈನು ಉದ್ದವಾಗುವುದು ಹೇಗೆ?

ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವುದು ಚೈನು. ಇವತ್ತಿನ ರೋಲರ್ ಚೈನಿನ ವಿನ್ಯಾಸಕ್ಕೆ ಹ್ಯಾನ್ಸ್ ರೆನಾಲ್ಡ್ ಎಂಬ ತಂತ್ರಜ್ಞರು ಮ್ಯಾಂಚೆಸ್ಟರಿನಲ್ಲಿ ಪೇಟೆಂಟ್ ಪಡೆದದ್ದು 1880ರಲ್ಲಿ. ಒಂದು ಕೊಂಡಿಯನ್ನು ಹತ್ತಿರದಿಂದ ನೋಡಿ. ಹೊರಗೆ ಎರಡು ಪಟ್ಟಿ, ನಡುವೆ ಒಂದು ಪಿನ್ನು, ಪಿನ್ನಿನ ಮೇಲೆ ಕೊಳವೆಯಂಥ ಬುಷ್ಷು, ಬುಷ್ಷಿನ ಮೇಲೆ ತಿರುಗುವ ರೋಲರು. ಸ್ಪ್ರಾಕೆಟ್ ಎಂಬ ಹಲ್ಲುಚಕ್ರದ ಹಲ್ಲಿಗೆ ತಾಗುವುದು ರೋಲರು. ಅದು ತಾನೇ ಉರುಳುವುದರಿಂದ ಉಜ್ಜಾಟ ಕಡಿಮೆ.

'ಚೈನು ಲೂಸಾಗಿದೆ, ಎಳೆದು ಉದ್ದವಾಗಿದೆ' ಎನ್ನುವುದನ್ನು ಕೇಳಿದ್ದೀರಲ್ಲ? ನಿಜವಾಗಿ ಉಕ್ಕಿನ ಪಟ್ಟಿ ರಬ್ಬರಿನ ಹಾಗೆ ಹಿಗ್ಗಿರುವುದಿಲ್ಲ. ಪಿನ್ನು ಮತ್ತು ಬುಷ್ಷು ಒಂದಕ್ಕೊಂದು ಉಜ್ಜಿ ಸವೆದಿರುತ್ತವೆ. ಒಂದೊಂದು ಕೊಂಡಿಯಲ್ಲಿ 0.1 ಮಿ.ಮೀ. ಸವೆದರೂ 100 ಕೊಂಡಿಗಳಿಗೆ ಒಟ್ಟು 10 ಮಿ.ಮೀ.! ಪೂರಾ ಒಂದು ಸೆಂಟಿಮೀಟರ್ ಉದ್ದವಾದ ಹಾಗಾಯಿತು. ಧೂಳು ಸೇರಿದರೆ ಸವೆತ ಇನ್ನೂ ಬೇಗ, ಏಕೆಂದರೆ ಮರಳಿನ ಕಣ ಉಕ್ಕನ್ನೂ ಕೆರೆಯಬಲ್ಲದು.

ಚೈನು ಶುಚಿ ಮಾಡಲು ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ವಲ್ಪ ಸೀಮೆಎಣ್ಣೆ ಸಾಕು. ಒರೆಸಿ ಒಣಗಿಸಿದ ಮೇಲೆ ಗೇರ್ ಎಣ್ಣೆಯನ್ನೋ ಚೈನ್ ಸ್ಪ್ರೇಯನ್ನೋ ಕೆಳಗಿನ ಸಾಲಿನ ಒಳಮೈಗೆ ಬಿಡಬೇಕು. ಒಳಮೈಗೇ ಏಕೆ? ಗಾಡಿ ಓಡುವಾಗ ಚೈನು ಸ್ಪ್ರಾಕೆಟ್ಟನ್ನು ಸುತ್ತುತ್ತದಲ್ಲ, ಆಗ ಎಣ್ಣೆ ಹೊರಕ್ಕೆ ಚಿಮ್ಮಲು ನೋಡುತ್ತದೆ. ಒಳಗಿನಿಂದ ಬಿಟ್ಟರೆ ಹೊರಗೆ ಹೋಗುವ ದಾರಿಯಲ್ಲೇ ಪಿನ್ನು ಬುಷ್ಷುಗಳನ್ನು ನೆನೆಸುತ್ತದೆ. ಹೆಚ್ಚಾದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿಬಿಡಬೇಕು, ಇಲ್ಲವಾದರೆ ಅದು ಟೈರಿನ ಮೇಲೂ ಬ್ರೇಕಿನ ಮೇಲೂ ಸಿಡಿಯುತ್ತದೆ. ಒಂದು ಗೇಣು ದೂರದಲ್ಲಿ ಅದೇ ಎಣ್ಣೆ ಅಪಾಯ ತರುತ್ತದೆ.

ನೆನಪಿಡಿ: ಎಂಜಿನ್ ಓಡುತ್ತಿರುವಾಗ ಚೈನಿನ ಹತ್ತಿರ ಕೈ ಒಯ್ಯಲೇಬಾರದು. ಬೆರಳು ಸಿಕ್ಕಿಕೊಂಡರೆ ತುಂಡಾಗುತ್ತದೆ. ಎಂಜಿನ್ ಆರಿಸಿ, ಕೀಲಿ ತೆಗೆದು, ದೊಡ್ಡವರು ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು.

ನಟ್ಟು ಯಾರ ಬಲದಿಂದ ನಿಂತಿದೆ?

ನಟ್ಟು ಬೋಲ್ಟುಗಳಲ್ಲಿ ನಮಗೆ ಬೇಕಾದದ್ದೇ ಘರ್ಷಣೆ. ಬಿಗಿಯುವಾಗ ನಾವು ಹಾಕುವ ಬಲದ 10 ಪಾಲಿನಲ್ಲಿ ಸುಮಾರು 9 ಪಾಲು ತಿರುಪಿನ ಗೆರೆಗಳ ಮತ್ತು ತಲೆಯಡಿಯ ಘರ್ಷಣೆಗೇ ಹೋಗುತ್ತದೆ. ಉಳಿದ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆದು ಭಾಗಗಳನ್ನು ಒತ್ತಿಹಿಡಿಯುತ್ತದೆ. ಆದರೆ ಆ ಒಂಬತ್ತು ಪಾಲು ವ್ಯರ್ಥವಲ್ಲ, ಬಿಗಿದ ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವುದೂ ಅದೇ ಘರ್ಷಣೆ. ಒಂಟಿ ಸಿಲಿಂಡರಿನ ಗಾಡಿ 'ಡುಗ್ ಡುಗ್' ಎನ್ನುತ್ತಾ ಅದುರುವಾಗ ಆ ಹಿಡಿತ ಮೆಲ್ಲಮೆಲ್ಲನೆ ಸಡಿಲವಾಗುತ್ತದೆ. ಹಾಗಾಗಿ ಮುಖ್ಯವಾದ ಪ್ರತಿ ನಟ್ಟಿನ ಮೇಲೆ ನಾನು ಬಣ್ಣದಿಂದ ಒಂದು ಗೆರೆ ಎಳೆದಿದ್ದೇನೆ, ಅರ್ಧ ನಟ್ಟಿನ ಮೇಲೆ, ಅರ್ಧ ಪಕ್ಕದ ಲೋಹದ ಮೇಲೆ. ಗೆರೆ ಮುರಿದು ಓರೆಯಾಗಿ ಕಂಡರೆ ನಟ್ಟು ತಿರುಗಿದೆ ಎಂದೇ ಲೆಕ್ಕ.

ನೆಲ ಹಿಡಿಯುವ ಟೈರು

1699ರಲ್ಲಿ ಪ್ಯಾರಿಸ್ಸಿನ ಗಿಯೋಮ್ ಅಮೋಂಟೋನ್ ಎಂಬ ವಿಜ್ಞಾನಿ ಘರ್ಷಣೆಯ ನಿಯಮ ಮಂಡಿಸಿದರು. ಚಿಕ್ಕ ವಯಸ್ಸಿನಲ್ಲೇ ಅವರಿಗೆ ಕಿವಿ ಕೇಳಿಸದಾಗಿತ್ತು, ಆದರೂ ಕಲಿಯುವುದನ್ನು ಅವರು ನಿಲ್ಲಿಸಲಿಲ್ಲ. ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುತ್ತದೆ, ತಾಗುವ ಮೈ ಎಷ್ಟು ಅಗಲ ಎಂಬುದು ಮುಖ್ಯವಲ್ಲ ಎಂಬುದು ಅವರ ನಿಯಮ. ಮೆತ್ತಗಿನ ರಬ್ಬರು ಈ ನಿಯಮಕ್ಕೆ ಪೂರ್ತಿ ಒಗ್ಗುವುದಿಲ್ಲ. ಅದು ರಸ್ತೆಯ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿಯುತ್ತದೆ. ಟೈರಿನ ಬಲ ಇರುವುದೇ ಅಲ್ಲಿ.

ಟೈರಿನ ಎಷ್ಟು ಭಾಗ ನೆಲ ಮುಟ್ಟುತ್ತದೆ? ಲೆಕ್ಕ ಹಾಕೋಣ. ಹಿಂದಿನ ಚಕ್ರದ ಮೇಲೆ 150 ಕಿಲೋ ಭಾರ ಇದೆ, ಗಾಳಿಯ ಒತ್ತಡ 30 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ. 150ನ್ನು 2.1ರಿಂದ ಭಾಗಿಸಿದರೆ ಸುಮಾರು 71 ಚದರ ಸೆಂ.ಮೀ. ನಿಮ್ಮ ಅಂಗೈಯ ಅಳತೆ ತೆಗೆದು ನೋಡಿ, ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇಷ್ಟು ಪುಟ್ಟ ಜಾಗದ ಹಿಡಿತವನ್ನು ನಂಬಿ ನಾವು ತಿರುವುಗಳಲ್ಲಿ ವಾಲುತ್ತೇವೆ.

ಗಾಳಿಯ ಒತ್ತಡವನ್ನು ಹೊರಡುವ ಮೊದಲೇ, ಟೈರು ತಣ್ಣಗಿರುವಾಗಲೇ ನೋಡಬೇಕು. ಓಡಿದ ಟೈರು ಬಿಸಿಯಾಗುತ್ತದೆ, ಒಳಗಿನ ಗಾಳಿಯ ಒತ್ತಡ ಏರುತ್ತದೆ. 30 ಡಿಗ್ರಿಯಲ್ಲಿ 30 ಪಿಎಸ್‌ಐ ಇದ್ದ ಗಾಳಿ 60 ಡಿಗ್ರಿಗೆ ಕಾದರೆ ಮೀಟರು 34 ದಾಟುತ್ತದೆ. ಗಾಳಿ ಕಾದಂತೆ ಒತ್ತಡ ಏರುತ್ತದೆ ಎಂಬುದನ್ನು ಅಳೆದು ನೋಡಿದವರಲ್ಲಿ ಅದೇ ಅಮೋಂಟೋನ್ ಕೂಡ ಒಬ್ಬರು!

ಮಳೆಗಾಲದಲ್ಲಿ ಬೀಚಂ ಟವರ್ ಬೇರಿಂಗಿನಲ್ಲಿ ಕಂಡ ಅದೇ ಆಟ ಟೈರಿನ ಅಡಿಯಲ್ಲೂ ನಡೆಯಲು ನೋಡುತ್ತದೆ. ಉರುಳುವ ಚಕ್ರ ಕಿರಿದಾದ ಸಂದಿಗೆ ನೀರನ್ನು ಎಳೆದುಕೊಳ್ಳುತ್ತದೆ, ನೀರಿನ ಪದರ ರಬ್ಬರನ್ನು ನೆಲದಿಂದ ಬಿಡಿಸಲು ಹೊರಡುತ್ತದೆ. ಬೇರಿಂಗಿನಲ್ಲಿ ನಮ್ಮನ್ನು ಕಾಯುವ ಪದರ ಇಲ್ಲಿ ಬೀಳಿಸುತ್ತದೆ. ಟೈರಿನ ಮೈಮೇಲಿನ ಗೀರುಗಳು ಇರುವುದು ಅಂದಕ್ಕಲ್ಲ, ಆ ನೀರಿಗೆ ಹೊರಹೋಗಲು ದಾರಿ ಮಾಡಿಕೊಡುವುದಕ್ಕೆ. ಗೀರುಗಳ ತಳದಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಟೈರು ಆ ಉಬ್ಬಿನ ಮಟ್ಟಕ್ಕೆ ಸವೆದರೆ ಹೊಸ ಟೈರು ಹಾಕಿಸಲೇಬೇಕು.

ಘಾಟಿ ಇಳಿಯುವಾಗ

ಗಾಡಿ, ಸವಾರ, ಸಾಮಾನು ಸೇರಿ 280 ಕಿಲೋ ಇದ್ದು, ವೇಗ ಗಂಟೆಗೆ 72 ಕಿ.ಮೀ. ಇದ್ದರೆ ಅದರಲ್ಲಿರುವ ಚಲನಶಕ್ತಿ 56,000 ಜೂಲ್. ಬ್ರೇಕ್ ಹಿಡಿದು ನಿಲ್ಲಿಸಿದರೆ ಅದಷ್ಟೂ ಎಲ್ಲಿ ಹೋಗುತ್ತದೆ? ಬ್ರೇಕಿನ ಡಿಸ್ಕು, ಪ್ಯಾಡುಗಳ ಘರ್ಷಣೆಯಲ್ಲಿ ಬಹುತೇಕ ಶಾಖವಾಗುತ್ತದೆ. ಅಷ್ಟು ಶಾಖದಿಂದ ಒಂದು ಲೋಟ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು! ವೇಗ ಅರ್ಧಕ್ಕೆ ಇಳಿದರೆ ಶಕ್ತಿ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಅದು 14,000 ಜೂಲ್ ಮಾತ್ರ. ನಿಧಾನ ಹೋಗಿ ಎಂದು ಹಿರಿಯರು ಹೇಳುವುದಕ್ಕೆ ಇಷ್ಟು ಗಟ್ಟಿಯಾದ ಕಾರಣವಿದೆ.

ಆಗುಂಬೆ, ಚಾರ್ಮಾಡಿಯಂಥ ಘಾಟಿಗಳಲ್ಲಿ ತಿರುವಿನ ಮೇಲೆ ತಿರುವು. ಇಳಿಯುವಾಗ ಬ್ರೇಕನ್ನು ಒತ್ತಿಕೊಂಡೇ ಇದ್ದರೆ ಡಿಸ್ಕು ತಣಿಯಲು ಸಮಯವೇ ಸಿಗುವುದಿಲ್ಲ. ಬ್ರೇಕಿನ ಕೊಳವೆಯಲ್ಲಿ ಒಂದು ದ್ರವ ಇರುತ್ತದೆ. ನಾವು ಲಿವರ್ ಹಿಡಿದ ಒತ್ತಡವನ್ನು ಅದು ಪ್ಯಾಡಿನವರೆಗೆ ಮುಟ್ಟಿಸುತ್ತದೆ. ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. 'ಡಾಟ್ 4' ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಸೇರಿದ ದ್ರವಕ್ಕೆ ಆ ಮಿತಿ 155 ಡಿಗ್ರಿ ಮಾತ್ರ. ಕುದಿದರೆ ಗುಳ್ಳೆಗಳೇಳುತ್ತವೆ. ದ್ರವವನ್ನು ಅದುಮಲು ಆಗುವುದಿಲ್ಲ, ಗುಳ್ಳೆಯನ್ನು ಅದುಮಬಹುದು. ಆಗ ಲಿವರ್ ಮೆತ್ತಗಾಗಿ ಬ್ರೇಕ್ ಹಿಡಿಯದೆ ಹೋಗುತ್ತದೆ. ಹಾಗಾಗಿ ದ್ರವವನ್ನು ಕಾಲಕಾಲಕ್ಕೆ ಬದಲಿಸಬೇಕು, ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಆಗ ಎಂಜಿನ್ನೇ ಗಾಡಿಯನ್ನು ಹಿಡಿದೆಳೆಯುತ್ತದೆ, ಬ್ರೇಕಿಗೆ ಬಿಡುವು ಸಿಗುತ್ತದೆ.

ನೀವೂ ಮಾಡಿ ನೋಡಿ

ಒಂದು ದಪ್ಪ ಪುಸ್ತಕಕ್ಕೆ ದಾರ ಕಟ್ಟಿ, ದಾರಕ್ಕೆ ರಬ್ಬರ್ ಬ್ಯಾಂಡು ಸಿಕ್ಕಿಸಿ ಮೇಜಿನ ಮೇಲೆ ಮೆಲ್ಲಗೆ ಎಳೆಯಿರಿ. ರಬ್ಬರು ಎಷ್ಟು ಹಿಗ್ಗಿತು ಎಂದು ಅಳೆಯಿರಿ. ಅದರ ಮೇಲೆ ಇನ್ನೊಂದು ಪುಸ್ತಕ ಇಟ್ಟು ಮತ್ತೆ ಎಳೆಯಿರಿ. ಅಮೋಂಟೋನ್ ಹೇಳಿದ್ದು ಸರಿಯೇ ಎಂದು ನೀವೇ ತೀರ್ಮಾನಿಸಿ.

ಆಮೇಲೆ ನಿಮ್ಮ ಸೈಕಲ್ಲಿನ ಹತ್ತಿರ ಹೋಗಿ. ಪೆಡಲು, ಚೈನು, ಚಕ್ರದ ಬೇರಿಂಗು, ಬ್ರೇಕಿನ ರಬ್ಬರು, ಟೈರು, ಹ್ಯಾಂಡಲಿನ ಹಿಡಿ, ಸೀಟಿನ ಬೋಲ್ಟು, ಇವನ್ನೆಲ್ಲ ಪಟ್ಟಿ ಮಾಡಿ, ಘರ್ಷಣೆ ಬೇಕಾದವು ಒಂದು ಸಾಲು, ಬೇಡವಾದವು ಇನ್ನೊಂದು ಸಾಲು ಬರೆಯಿರಿ. ಬೇಡವಾದ ಕಡೆ ಎಣ್ಣೆ ಬಿಡಿ, ಬೇಕಾದ ಕಡೆ ಒಣಬಟ್ಟೆಯಿಂದ ಒರೆಸಿ, ಟೈರಿಗೆ ಗಾಳಿ ಹೊಡೆಯಿರಿ. ಗೇರಿನ ಗಾಡಿ ಓಡಿಸಲು ನಿಮಗೆ 18 ತುಂಬಬೇಕು, ಅದರ ವಿಜ್ಞಾನ ಕಲಿಯಲು ಅಷ್ಟು ಕಾಯಬೇಕಿಲ್ಲ. ಇವತ್ತೇ ಶುರುಮಾಡಿ. ಮನೆಯವರು ದೂರ ಪ್ರಯಾಣಕ್ಕೆ ಹೊರಟಾಗ ಟೈರು, ಚೈನು, ಬ್ರೇಕು ನೋಡಿದಿರಾ, ಹೆಲ್ಮೆಟ್ಟಿನ ಪಟ್ಟಿ ಬಿಗಿದಿರಾ ಎಂದು ತಪ್ಪದೆ ಕೇಳಿ.