ಛತ್ರದವನಿಗೆ ಕೊಟ್ಟ ಎರಡು ನಾಣ್ಯ



ಬದುಕಿನ ದಾರಿ ಮತ್ತು ಕ್ರೈಸ್ತ ಕರುಣೆ ಎಂಬ ವಿಷಯ ಕೊಟ್ಟು ಮಾತಾಡಲು ಕರೆದಿದ್ದೀರಿ. ದಾರಿ ತೋರಿಸುವಷ್ಟು ದೊಡ್ಡವ ನಾನಲ್ಲ. ದಾರಿ ಹಿಡಿದ ಒಬ್ಬಾಕೆಯ ಸಂಗತಿ ಹೇಳುತ್ತೇನೆ. ನಮ್ಮ ಕಡೆ ಊರಿನ ಡಾಕ್ಟರು ಕೈಚೆಲ್ಲಿದಾಗ ಮನೆಯ ಹಿರಿಯರು ‘ಒಂದ್ಸಲ ವೆಲ್ಲೂರಿಗೆ ತೋರಿಸ್ಕೊಂಡು ಬನ್ನಿ’ ಅನ್ನುತ್ತಾರಲ್ಲ, ಆ ವೆಲ್ಲೂರಿನ ಆಸ್ಪತ್ರೆಯನ್ನು ಕಟ್ಟಿದ ಐಡಾ ಸ್ಕಡರ್ ಆಕೆ.

1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದವಳು. ತಾತ ಜಾನ್ ಸ್ಕಡರ್ 1819ರಲ್ಲೇ ಅಮೆರಿಕ ಬಿಟ್ಟು ಸಿಲೋನಿಗೆ ಬಂದ ವೈದ್ಯ ಮಿಷನರಿ. ಅವರ ಮಕ್ಕಳು ಮಿಷನರಿಗಳು, ಐಡಾಳ ತಂದೆಯೂ ವೈದ್ಯರು. ಇಂಥ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಮಿಷನರಿ ಆಗುವುದೊಂದು ಬೇಡವಾಗಿತ್ತು. ಬೇಡವಾದದ್ದಕ್ಕೆ ಕಾರಣವೂ ಇತ್ತು. 1876-78ರ ಬರಗಾಲದಲ್ಲಿ, ಇನ್ನೂ ಆರೇಳು ವರ್ಷದ ಕೂಸು, ಹಸಿದ ಮಕ್ಕಳ ಬಾಯಿಗೆ ರೊಟ್ಟಿಯ ಚೂರು ಇಟ್ಟಿದ್ದಳು. ಅಂಥದ್ದನ್ನು ಕಂಡ ಮಗು ‘ನನಗೆ ಅಮೆರಿಕವೇ ಸಾಕು’ ಅಂದುಕೊಂಡರೆ ತಪ್ಪು ಹೇಳುವವರು ಯಾರು? ಮ್ಯಾಸಚುಸೆಟ್ಸಿನ ನಾರ್ತ್‌ಫೀಲ್ಡ್ ಶಾಲೆಯಲ್ಲಿ ಓದಿದಳು. 1890ರಲ್ಲಿ ತಿಂಡಿವನಂಗೆ ಬಂದದ್ದು ಕಾಯಿಲೆಬಿದ್ದ ತಾಯಿಯನ್ನು ನೋಡಿಕೊಳ್ಳಲು, ಅದೂ ಸ್ವಲ್ಪ ದಿನಕ್ಕೆ.

ಅಲ್ಲಿನ ಒಂದು ರಾತ್ರಿಯ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬೇಕು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಮತ್ತೊಬ್ಬ ಹಿಂದೂ ಗೃಹಸ್ಥ, ಒಬ್ಬರಾದ ಮೇಲೆ ಒಬ್ಬರು ಬಾಗಿಲಿಗೆ ಬಂದರು. ಮೂವರದೂ ಒಂದೇ ಸಂಕಟ: ಹೆಂಡತಿಗೆ ಹೆರಿಗೆ ಕಷ್ಟವಾಗಿದೆ. ಐಡಾ ತನ್ನ ತಂದೆಯನ್ನು ಕರೆದೊಯ್ಯಿರಿ, ತಾನೂ ಜೊತೆಗೆ ಬರುತ್ತೇನೆ ಅಂದಳು. ಗಂಡಸು ವೈದ್ಯ ಒಳಮನೆಗೆ ಬರಕೂಡದು ಎಂದು ಅವರು ಹಿಂತಿರುಗಿದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು.

ಈ ರಾತ್ರಿಯನ್ನು ನಾವು ಬಹಳ ಚೆನ್ನಾಗಿ ಹೇಳುತ್ತೇವೆ. ಭಾಷಣಕಾರರಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕೇ! ಆದರೆ ಕಥೆ ಇಷ್ಟು ಚೆನ್ನಾಗಿರುವುದರಿಂದಲೇ ಮುಂದಿನ ವರ್ಷಗಳನ್ನು ಮರೆಯುತ್ತೇವೆ ಅಂತ ನನ್ನ ದೂರು. ಆ ರಾತ್ರಿ ಅತ್ತವಳು 1895ರಲ್ಲಿ ಫಿಲಡೆಲ್ಫಿಯದ ಮಹಿಳಾ ವೈದ್ಯಕೀಯ ಕಾಲೇಜು ಸೇರಿದಳು. ಆಮೇಲೆ ಕಾರ್ನೆಲ್ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ವೈದ್ಯಶಾಸ್ತ್ರಕ್ಕೆ ಸೇರಿಸಿಕೊಂಡ ಮೊದಲ ತಂಡದಲ್ಲಿ ಸೇರಿ, 1899ರಲ್ಲಿ ಡಾಕ್ಟರ್ ಆದಳು. ಅಂಗರಚನಾಶಾಸ್ತ್ರ ಬಾಯಿಪಾಠ ಮಾಡುವಾಗ ಯಾರಿಗೂ ದೈವವಾಣಿ ಕೇಳಿಸುವುದಿಲ್ಲ. ಕರುಣೆ ಕಸುಬಾಗಬೇಕಾದರೆ ಇಂಥ ನೀರಸ ವರ್ಷಗಳನ್ನು ದಾಟಲೇಬೇಕು.

ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಸಮಾರ್ಯದವನ ಕಥೆ ನೆನಪಿಸಿಕೊಳ್ಳಿ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಪುರೋಹಿತ ನೋಡಿಯೂ ದಾಟಿದ, ದೇಗುಲದ ಸೇವಕನಾದ ಲೇವಿಯನೂ ದಾಟಿದ. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನೊಬ್ಬ ನಿಂತ. ಉಪದೇಶಕರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ಓದಿ. ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿದ, ಛತ್ರಕ್ಕೆ ಒಯ್ದ, ಮರುದಿನ ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಇನ್ನೂ ಖರ್ಚಾದರೆ ಬಂದು ತೀರಿಸುತ್ತೇನೆ ಅಂದ. ಎಂಥ ಲೆಕ್ಕಾಚಾರದ ಕರುಣೆ ನೋಡಿ! ದಾರಿಹೋಕನ ಕೆಲಸ ಒಂದು ದಿನದ್ದು. ಗಾಯ ಮಾಯುವವರೆಗೆ ನೋಡಿಕೊಳ್ಳಬೇಕಾದವನು ಛತ್ರದವನು. ಐಡಾ ಕಟ್ಟಿದ್ದು ಛತ್ರವನ್ನು.

ಅದಕ್ಕೂ ದುಡ್ಡು ಬೇಕಿತ್ತು. ಶೆಲ್ ಎಂಬ ನ್ಯೂಯಾರ್ಕಿನ ಬ್ಯಾಂಕರ್ ತೀರಿಕೊಂಡ ಹೆಂಡತಿಯ ನೆನಪಿಗೆ ಹತ್ತು ಸಾವಿರ ಡಾಲರ್ ಕೊಟ್ಟ. ಆ ಹಣ ಹಿಡಿದು ಆಕೆ 1900ರಲ್ಲಿ ವೆಲ್ಲೂರಿಗೆ ಬಂದರೆ ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡರು. ಕಲಿಸಿಕೊಡಬೇಕಾದ ಹಿರಿಯರಿಲ್ಲ, ಹೊಸ ಡಾಕ್ಟರಮ್ಮನ ಮೇಲೆ ಜನರಿಗೆ ನಂಬಿಕೆಯಿಲ್ಲ. ಬಂಗಲೆಯ ಸಣ್ಣ ಕೋಣೆಯಲ್ಲಿ ಶುರುವಾದ ಔಷಧಾಲಯ 1902ರಲ್ಲಿ ನಲವತ್ತು ಹಾಸಿಗೆಯ ಆಸ್ಪತ್ರೆಯಾಯಿತು. ಮುಂದೆ ಒಂದು ಪ್ಯೂಜೋ ಕಾರು ಸಿಕ್ಕಿತು. ಗುಡಿಯಾತ್ತಂ ಕಡೆಯ ರಸ್ತೆಯಲ್ಲಿ ಮರದಡಿ ಕಾರು ನಿಲ್ಲಿಸಿ ಹುಣ್ಣು ತೊಳೆದು ಔಷಧಿ ಕೊಡುವುದು ವಾರದ ಕೆಲಸವಾಯಿತು.

ಮತಪ್ರಚಾರದ ಉದ್ದೇಶ ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇತ್ತು, ಮುಚ್ಚಿಡುವುದೇನೂ ಇಲ್ಲ. ಜೊತೆಗೆ ಬಂದ ಗೆಳತಿ ಆನಿ ಹ್ಯಾನ್‌ಕಾಕ್ ಮನೆಮನೆಗೆ ಹೋಗುತ್ತಿದ್ದುದೇ ಸುವಾರ್ತೆ ಹೇಳಲಿಕ್ಕೆ. ಆದರೆ ಹೆರಿಗೆ ಕೋಣೆಗೆ ಬಂದವಳ ಮತ ಯಾವುದೆಂದು ಕೇಳಿ ಯಾರೂ ಬಾಗಿಲು ಹಾಕಲಿಲ್ಲ. ನನಗೆ ಮುಖ್ಯವೆನಿಸುವುದು ಇನ್ನೊಂದು. ಎಷ್ಟು ದುಡಿದರೂ ತಾನೊಬ್ಬಳೇ ಸಾಲದು ಎಂಬುದು ಆಕೆಗೆ ಬೇಗ ತಿಳಿಯಿತು. ಈ ನೆಲದ ಹೆಣ್ಣುಮಕ್ಕಳೇ ಡಾಕ್ಟರಾಗಬೇಕೆಂದಳು. ಮದ್ರಾಸ್ ಸರ್ಕಾರದ ವೈದ್ಯಾಧಿಕಾರಿಗೆ ನಗು. ಆರು ಅರ್ಜಿ ಬಂದರೆ ಶಾಲೆ ತೆರೆಯಮ್ಮ ಅಂದರಂತೆ. ಬಂದದ್ದು 151. 1918ರಲ್ಲಿ ಶಾಲೆ ಆರಂಭವಾಯಿತು. ಮೊದಲ ತಂಡದ ಹದಿನಾಲ್ಕು ಮಂದಿ 1922ರಲ್ಲಿ ಎಲ್.ಎಂ.ಪಿ. ಎಂಬ ವೈದ್ಯ ಡಿಪ್ಲೊಮಾ ಮುಗಿಸಿ ಹೊರಬಂದರು.

1938ರಲ್ಲಿ ಸರ್ಕಾರ ಡಿಪ್ಲೊಮಾ ಸಾಲದು, ಪದವಿಯೇ ಬೇಕು ಅಂದಾಗ ಐಡಾಗೆ ಅರವತ್ತೇಳು ದಾಟಿತ್ತು. ಬೇರೆಯವರಾದರೆ ಬಾಗಿಲು ಹಾಕುತ್ತಿದ್ದರು. ಈಕೆ ಯುದ್ಧದ ಕಾಲದಲ್ಲಿ ಅಮೆರಿಕಕ್ಕೆ ಹೋಗಿ ಮತ್ತೆ ಹಣ ಬೇಡಿದಳು. ಗಂಡುಮಕ್ಕಳನ್ನೂ ಸೇರಿಸಿಕೊಳ್ಳಬೇಕಾಗುತ್ತದೆಂದಾಗ, ಹೆಣ್ಣುಮಕ್ಕಳಿಗೆಂದೇ ಹಣ ಕೊಟ್ಟಿದ್ದ ಹಳೆಯ ಬೆಂಬಲಿಗರು ಮುನಿಸಿಕೊಂಡರು. ಆ ಜಗಳದ ನಡುವೆಯೂ 1947ರಲ್ಲಿ ಗಂಡು ವಿದ್ಯಾರ್ಥಿಗಳು ಬಂದರು.

ಇಲ್ಲಿ ತರುಣರು ತುಂಬ ಮಂದಿ ಕೂತಿದ್ದೀರಿ, ಅದಕ್ಕೇ ಮೇರಿ ವರ್ಗೀಸರ ಮಾತನ್ನೂ ಹೇಳಿಬಿಡುತ್ತೇನೆ. ವೆಲ್ಲೂರಿನಲ್ಲೇ ಓದಿದ ವೈದ್ಯೆ. 1954ರಲ್ಲಿ ರಸ್ತೆ ಅಪಘಾತವಾಗಿ ಬೆನ್ನುಹುರಿ ಹಾಳಾಯಿತು, ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಅದೇ ಕ್ಯಾಂಪಸ್ಸಿನಲ್ಲಿ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳ ಮಡಚಿಹೋದ ಬೆರಳುಗಳಿಗೆ ಸ್ನಾಯುರಜ್ಜು ಬದಲಿಸಿ ಮತ್ತೆ ಚಲನೆ ಕೊಡುತ್ತಿದ್ದರು. ಮೇರಿ ಗಾಲಿಕುರ್ಚಿಯಲ್ಲಿ ಕೂತು ಆ ಶಸ್ತ್ರಚಿಕಿತ್ಸೆ ಕಲಿತರು. ಕೈ ಆಪರೇಷನ್ ಕೂತೇ ಮಾಡಬಹುದಲ್ಲ! ಆಮೇಲೆ ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯಶಾಸ್ತ್ರ ಓದಿ ಬಂದು ವಿಭಾಗದ ಹೊಣೆ ಹೊತ್ತರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. ಬೆನ್ನುಹುರಿ ಮುರಿದವರು ಹಾಸಿಗೆಯಿಂದ ಕುರ್ಚಿಗೆ ತಾವೇ ದಾಟುವುದನ್ನು, ಊರಿಗೆ ಮರಳಿ ದುಡಿಯುವುದನ್ನು ಅಲ್ಲಿ ಕಲಿತು ಹೋಗುತ್ತಾರೆ.