ಸಭಾಪಾಲಕನ ಕರೆ, ಸಭೆಯ ಹೊಣೆ



ಹುಳಿಮಾವಿನ ನನ್ನ ನೆರೆಯ ಕ್ರೈಸ್ತ ಗೃಹಸ್ಥರೊಬ್ಬರು ಮೊನ್ನೆ ಕೇಳಿದರು: “ಮೇಷ್ಟ್ರೇ, ಸಭಾಪಾಲಕರಿಗಾಗಿ ನಾವು ಕಾಣಿಕೆ ಸಲ್ಲಿಸುತ್ತೇವೆ. ಅಲ್ಲಿಗೆ ನಮ್ಮ ಹೊಣೆ ತೀರಿತಲ್ಲವೆ?”

ಸುವಾರ್ತೆ ಸಾರುವವರ ಜೀವನ ಅದರಿಂದಲೇ ನಡೆಯಬೇಕೆಂದು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಹೇಳುತ್ತಾನೆ, ನಿಜ. ಆದರೆ ಆ ಹಕ್ಕನ್ನು ತಾನು ಬಳಸಲಿಲ್ಲವೆಂದೂ ಅಲ್ಲಿಯೇ ಸೇರಿಸುತ್ತಾನೆ. ಕರೆ ಎಂಬುದು ಸಂಬಳಕ್ಕಿಂತ ದೊಡ್ಡದು.

ನಮ್ಮ ಉತ್ತಂಗಿ ಚನ್ನಪ್ಪನವರನ್ನೇ ನೋಡಿ. 1881ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ಬಾಸೆಲ್ ಮಿಷನ್ನಿನ ಪಾದ್ರಿಗಳು. ಉಪದೇಶಿಸಲು ಹೋದವರು ಕೇಳಲೂ ಕಲಿತರು. ಜನರ ನಾಲಗೆಯ ಮೇಲೆ ಚದುರಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇಂಥ ದುಡಿಮೆಗೆ ಬಿಡುವೂ ಬೇಕು, ಜನರ ವಿಶ್ವಾಸವೂ ಬೇಕು.

ಕಾಣಿಕೆಯಿಂದ ಪಾಲಕರ ಮನೆಯ ಒಲೆ ಉರಿದೀತು. ಆದರೆ ಓದಿಗೆ ಬಿಡುವು, ರೋಗಿಗಳನ್ನು ಕಾಣಲು ಹೊರಟಾಗ ಜೊತೆ, ತಪ್ಪಿದಾಗ ಎದುರಿಗೇ ವಿನಯದಿಂದ ಹೇಳುವ ಮಾತು, ಇವನ್ನು ಸಭೆಯವರೇ ಕೊಡಬೇಕು. ಕೊಡದಿದ್ದರೆ, ದೇವರ ಕರೆಗೆ ಓಗೊಟ್ಟು ಬಂದವನು ಬರಿಯ ನೌಕರನಾಗಿ ಉಳಿಯುತ್ತಾನೆ. ಆ ದೋಷ ಅವನೊಬ್ಬನದಲ್ಲ.

ನೆರೆಯವರಿಗೆ ನಾನು ಹೇಳಿದ್ದು ಇಷ್ಟೆ.